ಗೊತ್ತಿದ್ದವನು

ಎಚ್ಚರವಾದಾಗ ದಿಂಕೊ ಮರೂಶಿಚ್‌ಗೆ ಮೊದಲು ಬಂದ ಯೋಚನೆ ಸಿಕ್ಕಿತೋ ಇಲ್ಲವೋ ಎಂಬುದಲ್ಲ, ಮತ್ತಿನಲ್ಲಿ ತಾನೇನಾದರೂ ಬಾಯಿಬಿಟ್ಟೆನೇ ಎಂಬುದು. ಚಾವಣಿಯ ಬಿಳಿ ಚೌಕಗಳು ಒಂದರೊಳಗೊಂದು ಕರಗಿ ಮತ್ತೆ ಬೇರೆಯಾಗುತ್ತಿದ್ದವು. ತೊಡೆಗಳ ನಡುವೆ ನೋವಿರಲಿಲ್ಲ, ಬರೀ ಭಾರವಿತ್ತು. ಯಾರೋ ಒದ್ದೆ ಮರಳಿನ ಚೀಲವನ್ನು ಅಲ್ಲಿಟ್ಟು ಮರೆತುಹೋದಂತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಆ ನಾಲಿಗೆ ಯಾರೆದುರಿಗೆ ಏನು ಹೇಳಿರಬಹುದು ಎಂದು ಯೋಚಿಸುತ್ತಿರುವಾಗಲೇ ಕೈ ತಾನಾಗಿ ಹೋಗಿ ಹೊದಿಕೆಯನ್ನು ಎದೆಯ ಮೇಲಿಂದ ಕುತ್ತಿಗೆಯವರೆಗೆ ಎಳೆದುಕೊಂಡಿತು. ಹದಿನಾಲ್ಕನೆಯ ವಯಸ್ಸಿನಿಂದ ಆ ಕೈಗೆ ಅದೇ ಅಭ್ಯಾಸ. ಮೂವತ್ತೇಳು ವರ್ಷವಾದರೂ, ಆರಡಿ ನಾಲ್ಕಂಗುಲ ಬೆಳೆದರೂ, ಗಡ್ಡ ಬಂದರೂ ಹೋಗಿರಲಿಲ್ಲ.

"ಎದ್ರಾ?" ಎಂದಳು ನರ್ಸ್ ಗ್ಲೆನಿಸ್. ಅರವತ್ತು ದಾಟಿದ ದಪ್ಪ ಹೆಂಗಸು. ಬೆಳಿಗ್ಗೆ ಅವನಿಗೆ ಹಿಂದುಗಡೆ ದಾರ ಕಟ್ಟುವ ಅಂಗಿ ತೊಡಿಸಿದವಳೂ ಅವಳೇ. ಆಗಲೂ ಅವನು ಎರಡೂ ತೋಳುಗಳನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದ. "ಕೈ ಬಿಡಿ ಸ್ವಾಮಿ, ನಾನು ನೋಡದ್ದು ಯಾವುದೂ ಇಲ್ಲ" ಎಂದು ಅವಳು ನಕ್ಕಿದ್ದಳು. ಅವಳ ಪಾಲಿಗೆ ಅದು ಸಮಾಧಾನದ ಮಾತು.

"ನಾನೇನಾದ್ರೂ ಮಾತಾಡಿದ್ನಾ?"

"ಮಾತಾಡದೆ ಇರೋರು ಯಾರಿದಾರೆ ಹೇಳಿ. ಮೀನಿಗೆ ಊಟ ಹಾಕ್ತಾ ಇದ್ರಿ. ಇನ್ನೊಂದು ಡಬ್ಬ ಸುರಿ, ಇನ್ನೊಂದು ಡಬ್ಬ ಸುರಿ ಅಂತ."

"ಅಷ್ಟೇನಾ?"

"ಅಷ್ಟು ಸಾಲದಾ?"

ಸಾಕಾಗಿತ್ತು. ಒಂದು ಕ್ಷಣ ಅವನಿಗೆ ಎಷ್ಟು ನಿರಾಳವಾಯಿತೆಂದರೆ, ತಾನು ಇಲ್ಲಿಗೆ ಯಾಕೆ ಬಂದದ್ದು, ಎರಡೂ ವೃಷಣಗಳನ್ನು ಸೀಳಿಸಿಕೊಂಡು ಮೂರು ಗಂಟೆ ಯಾಕೆ ಮಲಗಿದ್ದೆ ಎಂಬುದೇ ಮರೆತುಹೋಯಿತು. ಮರೆತದ್ದು ನೆನಪಾದ ಕೂಡಲೇ ನಾಚಿಕೆಯಾಯಿತು. ಪರದೆಯ ಆಚೆ ಹೆಂಡತಿ ಕೆರಿನ್ ಇದ್ದಾಳೆ. ಅವಳ ಹೊಟ್ಟೆಯಿಂದ ಮೊಟ್ಟೆ ತೆಗೆಯುವುದೂ ಇವತ್ತೇ. ಹನ್ನೆರಡು ದಿನ ತನ್ನ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡಿದ್ದಳು. ಸುಗ್ಗಿಯ ಕಾಲ, ಸೈಲೊ ಕಣಜದ ಹತ್ತಿರ ಧಾನ್ಯದ ಲಾರಿಗಳನ್ನು ತೂಗುವ ಕೆಲಸ ಅವಳದು. ಸಾಲು ನಿಂತ ಲಾರಿಗಳವರು ಹಾರನ್ ಹೊಡೆಯುತ್ತಿದ್ದರೂ ಐದು ನಿಮಿಷ ಕಿಟಕಿ ಮುಚ್ಚಿ ಸೂಜಿ ಹಾಕಿಕೊಂಡೇ ಹೊರಬರುತ್ತಿದ್ದಳಂತೆ. ಅದನ್ನು ನಗುತ್ತ ಹೇಳಿದ್ದಳು. ಅವನೂ ನಕ್ಕಿದ್ದ.

ಡಾಕ್ಟರ್ ಪಾಸ್ಕೋ ಬಂದರು. ಟೋಪಿಯ ಗುರುತು ಹಣೆಯ ಮೇಲೆ ಕೆಂಪಗೆ ಉಳಿದಿತ್ತು. ಮೂರು ಗಂಟೆ ಸೂಕ್ಷ್ಮದರ್ಶಕದೊಳಗೆ ಬಗ್ಗಿ ನೋಡಿದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಹಾಸಿಗೆಯ ಅಂಚಿನಲ್ಲಿ ಕುಳಿತರು. "ಎರಡೂ ಕಡೆ ನೋಡ್ದೆ. ಎಲ್ಲಾ ಕಡೆ ಒಂದೇ ಥರ, ಗಟ್ಟಿಯಾಗಿಬಿಟ್ಟಿದೆ. ಎಡಗಡೆ ಒಂದು ಮೂಲೇಲಿ ಮಾತ್ರ ನಾಲ್ಕೈದು ಎಳೆ ಸ್ವಲ್ಪ ದಪ್ಪ ಕಂಡ್ವು. ತೆಗೆದು ಲ್ಯಾಬಿನ ಥುಯ್ ಕೈಗೆ ಕೊಟ್ಟಿದೀನಿ. ಸಂಜೆ ನಾಲ್ಕರ ತನಕ ಹುಡುಕ್ತಾಳೆ. ಒಂದು ವೀರ್ಯಾಣು ಇದ್ರೂ ಅವಳು ಬಿಡೋಳಲ್ಲ." ಆಮೇಲೆ ಪರದೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹತ್ತು ವರ್ಷ ಮೊದ್ಲೇ ಬಂದಿದ್ರೆ..." ಎಂದು ಅರ್ಧಕ್ಕೆ ಬಿಟ್ಟು, "ಅವರಿಗೆ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ."

"ನಾನು ಹೇಳೋ ಹಾಗಿಲ್ಲ. ನೀವು ಹೇಳ್ಬೇಕು."

ಅವನು ತಲೆಯಾಡಿಸಿದ. ಆರು ತಿಂಗಳ ಹಿಂದೆ ಇದೇ ಮನುಷ್ಯನೆದುರಿಗೆ ಒಬ್ಬನೇ ಕುಳಿತಾಗಲೂ ಹೀಗೆಯೇ ತಲೆಯಾಡಿಸಿದ್ದ. ತಲೆಯಾಡಿಸುವುದು ಅವನಿಗೆ ಸುಲಭ. ಅಪ್ಪನೆದುರಿಗೂ ಹಾಗೆಯೇ. "ಎಲುಬು ಗಟ್ಟಿಯಾಗೋಕೆ ಇಂಜೆಕ್ಷನ್ ಅಂತೆ, ಹೌದೇನೋ?" ಎಂದು ಅಪ್ಪ ಕೇಳಿದಾಗ ಹದಿನೇಳರ ಹುಡುಗ ತಲೆಯಾಡಿಸಿದ್ದ, ಆ ಎಲುಬಿನ ನಂಬಿಕೆಯಲ್ಲೇ ಅಪ್ಪ ತೀರಿಕೊಂಡ. ಅಮ್ಮ ಅವನನ್ನು ಪೋರ್ಟ್ ಲಿಂಕನ್‌ನಿಂದ ಅಡಿಲೇಡ್‌ಗೆ ರಾತ್ರಿಯಿಡೀ ಬಸ್ಸಿನಲ್ಲಿ ಕರೆತಂದದ್ದು ಅದಕ್ಕೂ ಎರಡು ವರ್ಷ ಮುಂಚೆ. ಹುಡುಗನ ಎದೆ ಹುಡುಗಿಯರ ಹಾಗೆ ಉಬ್ಬುತ್ತಿದೆ ಎಂದು ಅವಳು ಊರಿನ ಡಾಕ್ಟರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಅಂಗಿ ಎತ್ತಿ ತೋರಿಸಿದ್ದಳು ಅಷ್ಟೇ. ಇಲ್ಲಿಯ ದೊಡ್ಡ ಡಾಕ್ಟರು ಒಂದು ಹಾಳೆಯ ಮೇಲೆ ಪುಟ್ಟ ಪುಟ್ಟ ಗೆರೆಗಳನ್ನು ಎಳೆದು, ಎಲ್ಲರಿಗೂ ನಲವತ್ತಾರು ವರ್ಣತಂತು ಇರುತ್ತವೆ, ಇವನಿಗೆ ನಲವತ್ತೇಳು, ಹೆಣ್ಣಿನ ಕಡೆಯದು ಒಂದು ಹೆಚ್ಚು ಬಂದಿದೆ ಎಂದರು. ಅಮ್ಮ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ್ದಳು: "ಹೆಚ್ಚಿಗೆ ಇದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ?" ಡಾಕ್ಟರು ನಗಲಿಲ್ಲ. ಇಂಜೆಕ್ಷನ್ ತೆಗೆದುಕೊಂಡರೆ ಗಂಡಸಿನ ಹಾಗೇ ಬೆಳೆಯುತ್ತಾನೆ, ದುಡಿಯುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳು ಮಾತ್ರ ಕಷ್ಟ ಎಂದರು. ವಾಪಸು ಹೋಗುವಾಗ ಪೋರ್ಟ್ ಆಗಸ್ಟಾದ ಬಸ್ ನಿಲ್ದಾಣದಲ್ಲಿ ಅಮ್ಮ ಅವನಿಗೆ ಕೋಳಿ ಮತ್ತು ಚಿಪ್ಸ್ ಕೊಡಿಸಿ, ಅವನು ತಿನ್ನುವುದನ್ನೇ ನೋಡುತ್ತ, "ಇದು ನಿನ್ನ ಹೊಟ್ಟೇಲಿ, ನನ್ನ ಹೊಟ್ಟೇಲಿ ಇರ್ಲಿ. ನಿಮ್ಮಪ್ಪನಿಗೂ ಬೇಡ, ತಮ್ಮನಿಗೂ ಬೇಡ" ಎಂದಳು. ಅವನ ಬಾಯಿ ತುಂಬ ಕೋಳಿ ಇತ್ತು.

ಪರದೆ ಸರಿಯಿತು. ಕೆರಿನ್ ಹೊಟ್ಟೆಯ ಮೇಲೆ ಬಿಸಿ ಚೀಲ ಒತ್ತಿಕೊಂಡು, ಗೋಡೆ ಹಿಡಿದು ನಡೆದು ಬಂದು ಪಕ್ಕದ ಒರಗು ಕುರ್ಚಿಯಲ್ಲಿ ಕುಳಿತಳು. ಮುಖ ಬಿಳಿಚಿತ್ತು. ಎಡಗೈಯ ಐದು, ಬಲಗೈಯ ನಾಲ್ಕು ಬೆರಳು ಬಿಡಿಸಿ ತೋರಿಸಿದಳು. "ಒಂಬತ್ತು ಕಣೋ! ಆರು ಸಿಕ್ಕಿದ್ರೆ ಹೆಚ್ಚು ಅಂದಿದ್ರು." ಅವನು ಅವಳ ಕೈ ಹಿಡಿದ. ಅವಳ ಸಂತೋಷ ಅವನ ಎದೆಗೆ ಬಿಸಿ ತುಪ್ಪದ ಹಾಗೆ ಇಳಿಯಿತು, ನುಂಗಲೂ ಆಗದು, ಉಗುಳಲೂ ಆಗದು. ಗ್ಲೆನಿಸ್ ಇಬ್ಬರಿಗೂ ಚಹಾ, ಮೊಟ್ಟೆಯ ಸ್ಯಾಂಡ್‌ವಿಚ್ ತಂದಿಟ್ಟಳು. ಕೆರಿನ್ ಸ್ಯಾಂಡ್‌ವಿಚ್ ಬಿಡಿಸಿ ನೋಡಿ, "ಇಷ್ಟು ಬೇಗ ನಂದನ್ನೇ ತಂದುಬಿಟ್ರಾ?" ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಅವಳು ತಮಾಷೆ ಮಾಡುವಾಗಲೇ ಅವನಿಗೆ ಹೆಚ್ಚು ಭಯ. ಅಳುವಾಗ ಅವನಿಗೊಂದು ಕೆಲಸವಿರುತ್ತಿತ್ತು, ಬೆನ್ನು ಸವರುವುದು, ನೀರು ತಂದುಕೊಡುವುದು. ಮೊದಲ ಎರಡು ವರ್ಷ ತಿಂಗಳು ತಿಂಗಳೂ ಅವಳು ಬಚ್ಚಲುಮನೆಯಿಂದ ಹೊರಬಂದು ಸುಮ್ಮನೆ ತಲೆ ಅಲ್ಲಾಡಿಸಿದಾಗ ಅವನು ಬೆನ್ನು ಸವರಿದ್ದ. ಊರಿನ ಡಾಕ್ಟರು ಇಬ್ಬರೂ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಾಗ ಅವನು ಚೀಟಿ ಜೇಬಿನಲ್ಲಿಟ್ಟುಕೊಂಡು ಒಂದು ವಾರದ ಮೇಲೆ, "ನಂದು ಸರಿಯಾಗಿದೆಯಂತೆ" ಎಂದಿದ್ದ. ಆ ಚೀಟಿಯನ್ನು ಅವನು ತಾನು ಕೆಲಸ ಮಾಡುವ ಬಾಸ್ಟನ್ ಕೊಲ್ಲಿಯ ನೀರಿಗೆ, ಮೀನು ಸಾಕುವ ಬಲೆಯ ಹೊರಗೆ, ನಾಲ್ಕು ಚೂರು ಮಾಡಿ ಎಸೆದಿದ್ದ. ಅದಾದ ಮೇಲೆ ಎಲ್ಲವೂ ಕೆರಿನ್‌ಳ ಮೈಮೇಲೆ ಬಂತು. ಮಾತ್ರೆ ನುಂಗಿದಳು, ಕಾಫಿ ಬಿಟ್ಟಳು, ಹೊಟ್ಟೆಗೆ ತೂತು ಮಾಡಿ ಒಳಗೆ ನೋಡಿಸಿಕೊಂಡಳು. ನಾಳಗಳಿಗೆ ಬಣ್ಣದ ನೀರು ಬಿಟ್ಟು ಚಿತ್ರ ತೆಗೆಯುವ ಪರೀಕ್ಷೆಯ ದಿನ ಅವನು ಹೊರಗಿನ ಕಾರಿಡಾರಿನಲ್ಲಿ ನಿಂತಿದ್ದ. ಒಳಗಿನಿಂದ ಅವಳು ಒಂದು ಸಲ ಕೂಗಿದಳು. ಅಮ್ಮ ಯಾದ್ರಂಕ ಪ್ರತಿ ಭಾನುವಾರ ಸೊಸೆಯನ್ನು ಚರ್ಚಿಗೆ ಕರೆದೊಯ್ದು ಮಾತೆಯೆದುರಿಗೆ ಮೇಣದಬತ್ತಿ ಹಚ್ಚಿಸುತ್ತಿದ್ದಳು. "ಬೇಡ್ಕೋ ಮಗಳೇ, ಗಟ್ಟಿಯಾಗಿ ಬೇಡ್ಕೋ." ಕೆರಿನ್, ಕಮಿನ್ಸ್ ಊರಿನ ಕಡೆಯ ಗೋಧಿ ಬೆಳೆಗಾರರ ಮನೆಯ ಹುಡುಗಿ, ದೇವರು ದಿಂಡರು ಎಂದು ಹೋದವಳಲ್ಲ, ಆದರೂ ಅತ್ತೆಗಾಗಿ ಮಂಡಿಯೂರುತ್ತಿದ್ದಳು. ಅಮ್ಮ ಆ ಪ್ರಾರ್ಥನೆಯಲ್ಲಿ ನಿಜಕ್ಕೂ ಪವಾಡ ಕೇಳುತ್ತಿದ್ದಳೋ ಅಥವಾ ತನಗೆ ಗೊತ್ತಿಲ್ಲ ಎಂದು ದೇವರನ್ನೇ ನಂಬಿಸುತ್ತಿದ್ದಳೋ, ದಿಂಕೊಗೆ ಕೇಳುವ ಧೈರ್ಯವಾಗಲಿಲ್ಲ. ಕೊನೆಗೊಮ್ಮೆ ಹೊಸದಾಗಿ ಬಂದ ಡಾಕ್ಟರಮ್ಮ ಹಳೆಯ ವರದಿ ಎಲ್ಲಿ ಎಂದು ಕೇಳಿ, ಸಿಗದೆ, ತಾನೇ ಅವನ ಪರೀಕ್ಷೆ ಮಾಡಿಸಿದಳು. ವೀರ್ಯಾಣು ಸೊನ್ನೆ. ಆಮೇಲೆ ರಕ್ತ, ನಲವತ್ತೇಳು. ಆ ದಿನ ಅವನು ಕುರ್ಚಿಯಲ್ಲಿ ಮುಂದೆ ಬಾಗಿ, ಹಣೆಗೆ ಕೈಕೊಟ್ಟು, "ಹಾಗಂದ್ರೇನು?" ಎಂದು ಕೇಳಿದ್ದ. ಚೆನ್ನಾಗಿಯೇ ಕೇಳಿದ್ದ. ಆಸ್ಪತ್ರೆಯ ಅಂಗಳದಲ್ಲಿ ಕಾರಿನ ಬಳಿ ಕೆರಿನ್ ಅವನನ್ನು ಅಪ್ಪಿಕೊಂಡು, ಅವನ ಎದೆಗೆ ಬಾಯಿಟ್ಟು, "ನಿನ್ನ ತಪ್ಪಲ್ಲ ಕಣೋ, ನಿನ್ನ ತಪ್ಪಲ್ಲ" ಎಂದಳು. ಅವಳು ಅಪ್ಪಿದರೆ ಯಾವಾಗಲೂ ಕುಗ್ಗುತ್ತಿದ್ದ ಎದೆ ಅವತ್ತು ಕುಗ್ಗಲಿಲ್ಲ. ತಾನು ಎಂಥವನೆಂದು ಅವನಿಗೆ ಸ್ಪಷ್ಟವಾಗಿ ಕಂಡದ್ದು ಆ ಕ್ಷಣದಲ್ಲಿ: ಅವಳ ಕ್ಷಮೆ ಅವನಿಗೆ ಹಿತವಾಗಿತ್ತು.

ಒಂದೂವರೆಗೆ ಥುಯ್ ಬಂದಳು. ಚಿಕ್ಕ ಮೈಕಟ್ಟಿನ, ಸಾಲಿಸ್ಬರಿ ಕಡೆಯ ವಿಯೆಟ್ನಾಮಿ ಹೆಂಗಸು, ಕಾಲಿಗೆ ನೀಲಿ ಹೊದಿಕೆ. ಅವಳ ಮುಖ ನೋಡಿಯೇ ತಿಳಿಯಿತು. "ಅರ್ಧ ನೋಡಿದೀನಿ. ಇನ್ನೂ ಏನೂ ಇಲ್ಲ. ಇನ್ನರ್ಧ ಇದೆ, ಆಸೆ ಬಿಡ್ಬೇಡಿ. ಆದ್ರೆ ನಾಲ್ಕು ಗಂಟೆ ಹೊತ್ತಿಗೆ ನನಗೊಂದು ಮಾತು ಬೇಕು. ಸಿಗದೆ ಹೋದ್ರೆ ನಿಮ್ಮ ತಮ್ಮ ಕೊಟ್ಟಿಟ್ಟಿರೋದನ್ನ ಕರಗಿಸಲಾ, ಇಲ್ಲ ಮೊಟ್ಟೆಗಳನ್ನೇ ಫ್ರೀಜ್ ಮಾಡ್ಲಾ? ಕಾಗದ ಮೊದ್ಲೇ ಸಹಿ ಆಗಿದೆ, ಆದ್ರೂ ಇನ್ನೊಂದು ಸಲ ಕೇಳ್ಬೇಕು. ಇಬ್ರೂ ಹೂಂ ಅನ್ಬೇಕು."

ಅವಳು ಹೋದಳು. ಕೆರಿನ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸಿಗದಿದ್ರೆ ಇವಿತ್ಸಂದೇ ಆಗ್ಲಿ ಬಿಡು. ಯಾರದ್ದಾದ್ರೂ ನಿಮ್ಮನೆ ಮೂಗೇ ತಾನೆ ಬರೋದು" ಎಂದಳು. ಇವಿತ್ಸ ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಅವನಿಗೆ ಮೂರು ಮಕ್ಕಳು, ಎಲ್ಲ ಯೋಚಿಸದೆ ಹುಟ್ಟಿದವು. ಬೇಸಿಗೆಯಲ್ಲಿ ಬಂದರಿನ ಧಕ್ಕೆಯ ತುದಿಯಿಂದ ಊರ ಹುಡುಗರೆಲ್ಲ ಬರಿಮೈಯಲ್ಲಿ ನೀರಿಗೆ ಹಾರುವಾಗ ದಿಂಕೊ ಬಿಸಿಲು ಸುಡುತ್ತದೆ ಎಂದು ಅಂಗಿ ತೊಟ್ಟೇ ಹಾರುತ್ತಿದ್ದ. ಒದ್ದೆ ಅಂಗಿ ಮೈಗಂಟಿ ಇನ್ನೂ ಎದ್ದು ಕಾಣುತ್ತಿತ್ತು. ಯಾರಾದರೂ ನಕ್ಕರೆ ಹತ್ತು ವರ್ಷದ ಇವಿತ್ಸ ಮುಷ್ಟಿ ಬಿಗಿದು ಹೋಗುತ್ತಿದ್ದ. ಅದಕ್ಕೇ ದಿಂಕೊಗೆ ಅವನ ಮೇಲೆ ಸಿಟ್ಟು. ದಾನ ಕೊಡುವುದಕ್ಕೂ ಹಾಗೇ ಬಂದಿದ್ದ, ಮುಷ್ಟಿ ಬಿಗಿದುಕೊಂಡೇ, ಲಿಂಕನ್‌ನಿಂದ ಹಾರಿಬಂದು ಕೆಲಸ ಮುಗಿಸಿ, "ನಂದೇನು ಕಡಿಮೆ ಇದೆಯಾ, ಬಕೆಟ್‌ಗಟ್ಟಲೆ ಇದೆ" ಎಂದು ಅಣ್ಣನ ಭುಜಕ್ಕೆ ಗುದ್ದಿ ಹೋಗಿದ್ದ. ದೋಣಿಯಲ್ಲಿ ಜೊತೆ ಕೆಲಸದ ಸ್ಟೀಪೆ ಹೇಳಿದ ಮಾತಿಗೆ ದಿಂಕೊ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ: "ಈ ಟ್ಯೂನಾಗಳೂ ನಿನ್ನ ಜಾತಿನೇ ಕಣೋ ದಿಂಕೊ. ಬಲೆಯೊಳಗೆ ತಿಂದು ತಿಂದು ಕೊಬ್ತಾವೆ, ಒಂದಾದ್ರೂ ಮರಿ ಹಾಕ್ತಾ ನೋಡು!" ಸಾರ್ಡೀನು ತುಂಬಿದ ಡಬ್ಬಗಳನ್ನು ಎತ್ತಿ ಸುರಿಯುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಅವನಿಗೆ ಕಂಡದ್ದು ಊಟದ ಮೇಜು. ಮೇಜಿನ ಈಚೆ ತಾನು, ಆಚೆ ಒಂದು ಮಗು, ಮಗುವಿನ ಹಿಂದೆ ಬಾಗಿಲಲ್ಲಿ ನಿಂತ ಇವಿತ್ಸ. ಇವಿತ್ಸ ಏನೂ ಹೇಳುವುದಿಲ್ಲ, ಬರೀ ಮಗುವಿನ ತಲೆ ಸವರುತ್ತಾನೆ.

"ಬೇಡ" ಎಂದ.

"ಏನು ಬೇಡ?"

"ಇವಿತ್ಸಂದು ಬೇಡ."

ಕೆರಿನ್ ಲೋಟ ಕೆಳಗಿಟ್ಟಳು. "ಆರು ತಿಂಗಳು ಆ ಕೌನ್ಸೆಲರ್ ಎದುರಿಗೆ ಕೂತು ಹೂಂ ಹೂಂ ಅಂದ್ಯಲ್ಲೋ."

"ಅಂದೆ. ಈಗ ಬೇಡ."

"ಮತ್ತೆ?" ಅವಳ ದನಿ ಏರಲಿಲ್ಲ, ಒಡೆಯಿತು. "ಒಂಬತ್ತು ಸಿಕ್ಕಿದೆ. ಇನ್ನೊಂದು ಸಲ ಇದನ್ನ ಮಾಡ್ಸೋಕೆ ನನ್ನ ಕೈಲಾಗಲ್ಲ ದಿಂಕೊ. ನಂಗೆ ಮೂವತ್ತಾರು. ಒಂದ್ಸಲ ನನ್ನ ಹೊಟ್ಟೆ ನೋಡು, ಹೇಗೆ ನೀಲಿಯಾಗಿದೆ ಅಂತ. ಎಷ್ಟು ವರ್ಷ ಸುಮ್ಸುಮ್ನೆ ನನ್ನನ್ನ ಕೆದಕಿ ಕೆದಕಿ ನೋಡಿದ್ರು. ಮೊದ್ಲೇ ಗೊತ್ತಿದ್ದಿದ್ರೆ..."

"ಗೊತ್ತಿತ್ತು."

ಮಾತು ಹೊರಬಿದ್ದಾಗ ಅವನಿಗೇ ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಆಮೇಲೆ ಎಷ್ಟೋ ಸಲ ಅವನು ಆ ಗಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಪ್ರಾಮಾಣಿಕತೆ ಎಂದು ಕರೆಯಬಹುದಾದ ಏನಾದರೂ ಅದರಲ್ಲಿತ್ತೇ ಎಂದು ಹುಡುಕಿದ. ಇರಲಿಲ್ಲ. ತಮ್ಮನ ಹೆಸರು ಆ ಕೋಣೆಯಿಂದ ಹೊರಹೋಗಬೇಕಿತ್ತು, ಅದಕ್ಕೆ ಕೈಗೆ ಸಿಕ್ಕಿದ ವಸ್ತು ಇದೊಂದೇ, ಎತ್ತಿ ಎಸೆದಿದ್ದ.

"ಏನು ಗೊತ್ತಿತ್ತು?"

"ಇದು. ನಲವತ್ತೇಳು. ಹದಿನೈದನೇ ವಯಸ್ಸಿಂದ."

ಕೆರಿನ್ ಅವನನ್ನೇ ನೋಡಿದಳು. ಅವನ ಕೈ ಹೊದಿಕೆಯನ್ನು ಎದೆಯ ಮೇಲೆ ಹಿಡಿದಿತ್ತು. ಅವಳ ಕಣ್ಣು ಆ ಕೈಗೆ ಹೋಯಿತು.  ಆಮೇಲೆ ಲಾರಿಯ ನಂಬರು ಕೇಳುವವಳ ಹಾಗೆ, ಒಂದೊಂದಾಗಿ ಕೇಳಿದಳು.

"ಮೂರು ತಿಂಗಳಿಗೊಂದು ಇಂಜೆಕ್ಷನ್ ತಗೋತಿದ್ಯಲ್ಲ, ಬಿ-ಟ್ವೆಲ್ವ್ ಅಂತ?"

"ಅದು ಇದಕ್ಕೇ. ಗಂಡಸಿನ ಹಾರ್ಮೋನು."

"ಸರಿಯಾಗಿದೆ ಅಂದ್ರು ಅಂದ್ಯಲ್ಲ, ಮೊದಲ ವರ್ಷ?"

"ನಾನು ಹೋಗ್ಲೇ ಇಲ್ಲ."

"ಆ ಬಣ್ಣದ ನೀರಿನ ಟೆಸ್ಟ್ ದಿನ ನೀನು ಹೊರಗೆ ನಿಂತಿದ್ದೆ."

"ಹೂಂ."

"ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು."

"ಆಮೇಲೆ ಐಸ್‌ಕ್ರೀಮ್ ಕೊಡಿಸ್ದೆ. ಯಾವುದು ಅಂತ ನೆನಪಿದ್ಯಾ?"

"ಪ್ಯಾಶನ್‌ಫ್ರೂಟ್."

"ನೆನಪಿದೆ ಹಾಗಾದ್ರೆ." ಅವಳು ಕುರ್ಚಿಯ ಹಿಡಿಕೆಯನ್ನು ಸವರಿದಳು. "ಇನ್ಯಾರಿಗೆ ಗೊತ್ತು?"

"ಅಮ್ಮನಿಗೆ."

ಆಗ ಕೆರಿನ್ ನಕ್ಕಳು, ಮೂಗಿನಿಂದ, ಒಂದೇ ಸಲ. "ಮೇಣದಬತ್ತಿ" ಎಂದಳು. ಎದ್ದು ನಿಂತು, ಬಿಸಿ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇಬ್ಬರ ನಡುವಿನ ಪರದೆಯನ್ನು ಎಳೆದಳು. ಪರದೆಯ ಕೊಂಡಿಗಳು ಸರಪಳಿಯ ಹಾಗೆ ಸದ್ದು ಮಾಡಿದವು. ಅವಳು ಅತ್ತರೆ ಕೇಳಿಸಬಹುದೆಂದು ಅವನು ಕಿವಿಗೊಟ್ಟ. ಸ್ಯಾಂಡ್‌ವಿಚ್‌ನ ಪ್ಲಾಸ್ಟಿಕ್ ಸರಿಸುವ ಸದ್ದು ಕೇಳಿಸಿತು, ಅಗಿಯುವ ಸದ್ದು ಕೇಳಿಸಿತು. ಅವಳು ಉಣ್ಣುತ್ತಿದ್ದಳು. ಅವನಿಗೆ ಅದು ಅಳುವಿಗಿಂತ ಕೆಟ್ಟದ್ದಾಗಿ ಕಂಡಿತು. ಇನ್ನು ಮೇಲೆ ತನ್ನ ಶಕ್ತಿಯನ್ನು ತಾನೇ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿದವರು ಉಣ್ಣುವ ರೀತಿ ಅದು. ಭಾರವಿದ್ದ ಕಡೆ ಈಗ ನೋವು ಕಣ್ಣುಬಿಡತೊಡಗಿತ್ತು. ಆ ನೋವು ಹೆಚ್ಚಲಿ, ತಡೆಯಲಾರದಷ್ಟು ಆಗಲಿ, ತಾನು ಕೂಗುವಂತಾಗಲಿ, ಅವಳಿಗೂ ಕೇಳಿಸಲಿ ಎಂದು ಬಯಸಿದ. ಬಯಸಿದ್ದಕ್ಕೆ ಮತ್ತೆ ಹೇಸಿಕೆಯಾಯಿತು.

ಮೂರು ಗಂಟೆಗೆ ಫೋನು ನಡುಗಿತು. ಇವಿತ್ಸ.

"ಏನೋ, ಸಿಕ್ತೋ ಇಲ್ವೋ?" ಹಿಂದೆ ದೋಣಿಯ ಎಂಜಿನ್ನು, ಕಡಲಹಕ್ಕಿಗಳ ಕಿರುಚಾಟ.

"ಇನ್ನೂ ಹುಡುಕ್ತಿದಾರೆ."

"ಹುಡುಕ್ಲಿ ಬಿಡು. ಕೇಳಿಲ್ಲಿ, ಸಿಗದಿದ್ರೆ ತಲೆ ಕೆಡಿಸ್ಕೋಬೇಡ, ನಂದು ಅಲ್ಲೇ ಇದೆ. ನಾನು ಸಾಯೋ ತನಕ ಬಾಯಿ ಬಿಡಲ್ಲ. ಮಗು ನಿಂದೇ. ನಾನು ಬರೀ ಚಿಕ್ಕಪ್ಪ. ಕ್ರಿಸ್‌ಮಸ್‌ಗೆ ಸೈಕಲ್ ಕೊಡಿಸ್ತೀನಿ, ಅಷ್ಟೇ. ಕೇಳಿಸ್ತಿದ್ಯಾ?"

"ಕೇಳಿಸ್ತಿದೆ."

"ಅಳ್ತಿದೀಯೇನೋ?"

"ಇಲ್ಲ. ಹೊಲಿಗೆ ಎಳೀತಿದೆ."

"ಐಸ್ ಇಟ್ಕೋ" ಎಂದು ಇವಿತ್ಸ ಫೋನಿಟ್ಟ. ಇಷ್ಟು ಒಳ್ಳೆಯವನನ್ನು ದ್ವೇಷಿಸಲು ಎಷ್ಟು ಶ್ರಮ ಪಡಬೇಕು ಎಂದು ದಿಂಕೊ ಯೋಚಿಸಿದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಥುಯ್ ಬಂದಳು. ನಡೆದು ಬರಲಿಲ್ಲ, ಹೆಚ್ಚುಕಡಿಮೆ ಓಡಿಬಂದಳು. ಕಣ್ಣು ಕೆಂಪಾಗಿದ್ದವು. "ಎರಡು!" ಎಂದಳು. "ಕೊನೇ ತಟ್ಟೇಲಿ ಇತ್ತು. ಒಂದು ಬಾಲ ಆಡಿಸ್ತಿದೆ, ಚೆನ್ನಾಗೇ ಆಡಿಸ್ತಿದೆ. ಇನ್ನೊಂದು ಸುಮ್ನಿದೆ, ಆದ್ರೆ ಜೀವ ಇದೆ ಅನ್ಸುತ್ತೆ." ಪರದೆ ಯಾಕೆ ಎಳೆದಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ದಿಂಕೊನ ಗಂಟಲಿನಿಂದ ಹೊರಟ ಸದ್ದು ಅವನಿಗೇ ಪರಿಚಯವಿರಲಿಲ್ಲ. ಇಪ್ಪತ್ತೆರಡು ವರ್ಷ ಒಳಗೆ ಯಾರೂ ಇಲ್ಲದ ಮನೆ ಎಂದು ಬೀಗ ಹಾಕಿಟ್ಟಿದ್ದ, ಒಳಗೆ ಇಬ್ಬರಿದ್ದರು. ಮುಖ ಮುಚ್ಚಿಕೊಂಡು ಅತ್ತ. ಎದೆಯ ಮೇಲಿನ ಹೊದಿಕೆ ಜಾರಿದ್ದು ಅವನಿಗೆ ತಿಳಿಯಲಿಲ್ಲ.

ಪರದೆ ಸರಿಯಿತು. ಕೆರಿನ್ ಬಟ್ಟೆ ಬದಲಿಸಿ, ಕೂದಲು ಕಟ್ಟಿ ಸಿದ್ಧವಾಗಿ ನಿಂತಿದ್ದಳು.

"ಎರಡು ಮೊಟ್ಟೆಗೆ ಅವನದು ಹಾಕಿ" ಎಂದಳು ಥುಯ್‌ಗೆ. "ಉಳಿದ ಏಳನ್ನ ಹಾಗೇ ಫ್ರೀಜ್ ಮಾಡಿ."

"ಸರಿ. ನಿಮ್ಮಿಬ್ಬರ ಹೆಸರಲ್ಲಿ..."

"ನನ್ನೊಬ್ಬಳ ಹೆಸರಲ್ಲಿ."

ಥುಯ್ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದಳು. "ತಮ್ಮ ಕೊಟ್ಟಿದ್ದು?"

"ಬೇಡ. ಆ ಮನೇದು ಎರಡು ಸಾಕು."

ಥುಯ್ ಕಾಗದ ತಂದಳು. ಕೆರಿನ್ ನಿಂತೇ ಸಹಿ ಹಾಕಿದಳು. ದಿಂಕೊ ಮಲಗಿದಲ್ಲೇ ತನ್ನ ಸಹಿ ಹಾಕಿದ. ಪೆನ್ನು ಕೊಟ್ಟಾಗ ಅವರ ಬೆರಳುಗಳು ತಾಗಲಿಲ್ಲ.

ಮೋಟೆಲಿನಲ್ಲಿ ಎರಡು ಹಾಸಿಗೆಗಳಿದ್ದವು. ಬಂದಾಗ ಜೋಡಿಸಿದ್ದನ್ನು ಅವಳು ಬೇರ್ಪಡಿಸಲಿಲ್ಲ, ಕಿಟಕಿಯ ಕಡೆಯದರಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಬೆಳಿಗ್ಗೆ ಒಂಬತ್ತಕ್ಕೆ ಥುಯ್ ಫೋನು ಮಾಡಿದಾಗ ಕೆರಿನ್ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಬಾಲ ಆಡಿಸುತ್ತಿದ್ದದ್ದನ್ನು ಹಾಕಿದ ಮೊಟ್ಟೆ ಒಡೆದುಹೋಯಿತಂತೆ. ಸುಮ್ಮನಿದ್ದದ್ದು ಫಲಿಸಿತು. ಒಂದು ಭ್ರೂಣ. ದಿಂಕೊ ಹಾಸಿಗೆಯ ಅಂಚನ್ನು ಹಿಡಿದು ಎದ್ದು ನಿಂತ. ಥುಯ್ ಸಂಭ್ರಮದಿಂದ, "ಐದನೇ ದಿನ ಬೆಳೆದಿದ್ರೆ ಒಳಗಿಡೋಕೆ ಬರ್ಬೇಕು, ಸೋಮವಾರ ಹತ್ತಕ್ಕೆ ಬರೀಲಾ?" ಎಂದಳು.

"ಬೆಳೀಲಿ" ಎಂದಳು ಕೆರಿನ್. "ಬೆಳೆದ್ರೆ ಅದನ್ನೂ ಫ್ರೀಜ್ ಮಾಡಿ. ನನ್ನೊಳಗೆ ಈಗ ಬೇಡ."

"ಯಾವಾಗ ಅಂತ ಬರೀಲಿ?"

"ಬರೀಬೇಡಿ. ನಾನೇ ಫೋನ್ ಮಾಡ್ತೀನಿ, ಮಾಡೋದಾದ್ರೆ."

ಅವನು ಹೇಳಬೇಕೆಂದುಕೊಂಡ ಮಾತುಗಳೆಲ್ಲ ಸಾಲಾಗಿ ಬಂದು ಬಾಯಿಯ ಹತ್ತಿರ ನಿಂತವು. ಅವುಗಳಲ್ಲಿ ಒಂದೂ ಅವಳಿಗಾಗಿ ಇರಲಿಲ್ಲ, ಎಲ್ಲವೂ ಆ ಒಂದು ಭ್ರೂಣಕ್ಕಾಗಿ, ತನಗಾಗಿ. ಬಾಯಿ ಮುಚ್ಚಿಕೊಂಡ. ಕೆರಿನ್ ಅಂಗಡಿಗೆ ಹೋಗಿ ಫ್ರೀಜರಿನ ಬಟಾಣಿ ಪೊಟ್ಟಣ ತಂದು ಅವನ ಹಾಸಿಗೆಯ ಮೇಲೆ ಎಸೆದಳು. "ಇಟ್ಕೋ" ಎಂದಳು. ಅಷ್ಟೇ ಆ ದಿನದ ಮಾತು.

ಮರುದಿನ ಊರಿಗೆ ಹೊರಟರು. ಏಳು ಗಂಟೆಯ ದಾರಿ, ಅವಳೇ ಓಡಿಸಿದಳು. ಅವನು ಸುತ್ತಿದ ಟವೆಲಿನ ಮೇಲೆ ಓರೆಯಾಗಿ ಕುಳಿತಿದ್ದ. ಪೋರ್ಟ್ ಆಗಸ್ಟಾ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಎಡಕ್ಕೆ ಕೊಲ್ಲಿಯ ನೀರು ಕಾಣಿಸಿಕೊಂಡು ಮರೆಯಾಗುತ್ತಿತ್ತು. ಬಲಕ್ಕೆ ಕೆಂಪು ಮಣ್ಣು, ಬೂದಿ ಬಣ್ಣದ ಕುರುಚಲು. ರಸ್ತೆಯ ಪ್ರತಿಯೊಂದು ಉಬ್ಬೂ ಹೊಲಿಗೆಯ ಮೂಲಕ ನೆತ್ತಿಗೆ ಏರುತ್ತಿತ್ತು. ಈ ಹೊತ್ತಿಗೆ ಅದು ಅಲ್ಲಿ ಗಾಜಿನ ತಟ್ಟೆಯಲ್ಲಿ ನಾಲ್ಕಾಗಿರಬಹುದು ಎಂದುಕೊಂಡ. ನಾಲ್ಕು ಕೋಶ. ಅದಕ್ಕೂ ನಲವತ್ತೇಳಿದೆಯೋ, ನಲವತ್ತಾರೋ. ಇದೇ ಮೊದಲ ಸಲ ಅವನಿಗೆ ಆ ಪ್ರಶ್ನೆ ಬಂದದ್ದು. ಅದಕ್ಕೂ ನಲವತ್ತೇಳಿದ್ದರೆ ಯಾರಾದರೂ ಅದಕ್ಕೆ ಹೇಳಬೇಕಾಗುತ್ತದೆ. ಯಾರು ಹೇಳುತ್ತಾರೆ? ಹೇಗೆ ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಕೋವೆಲ್ ಸಮೀಪಿಸುವಾಗ ಕಾರಿನ ಸ್ಪೀಕರಿನಲ್ಲಿ ಫೋನು ರಿಂಗಾಯಿತು. ಪರದೆಯ ಮೇಲೆ ಅಮ್ಮನ ಹೆಸರು. ಅವನು ಕೈ ಚಾಚುವ ಮೊದಲೇ ಕೆರಿನ್ ಒತ್ತಿದಳು.

"ಮಗನೇ, ಎರಡು ದಿನದಿಂದ ಫೋನ್ ಎತ್ತಿಲ್ಲ! ಏನಾಯ್ತು? ನೋವಿದ್ಯಾ? ಕೋಳಿ ಸೂಪ್ ಮಾಡಿಟ್ಟಿದೀನಿ..."

"ಅಮ್ಮ, ನಾನು ಕೆರಿನ್."

"ಕೆರಿನ್, ಮಗಳೇ! ನಿನ್ನ ಹೊಟ್ಟೆ ಹೇಗಿದೆ?"

"ಅಮ್ಮ, ನಿಮಗೆ ಗೊತ್ತಿತ್ತು."

ಅಡಿಗೆಮನೆಯ ನಲ್ಲಿ ಸುರಿಯುವ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು.

"ಯಾರು ಹೇಳಿದ್ರು?"

"ನಿಮ್ಮ ಮಗ."

"ಅವನಿಗೆ ಬುದ್ಧಿ ಇಲ್ಲ" ಎಂದಳು ಯಾದ್ರಂಕ.  ಆಮೇಲೆ ಅವಳ ದನಿ ಬದಲಾಯಿತು, ಮುದುಕಿಯದಾಯಿತು. "ನೋಡು ಮಗಳೇ, ನಾನು ಮಾಡಿದ್ದು ಪಾಪ. ದೇವರ ಹತ್ರ ಎಷ್ಟು ಸಲ ಹೇಳ್ಕೊಂಡಿದೀನಿ. ಆದ್ರೆ ನೀನೇ ಹೇಳು, ಎದೆ ಮುಟ್ಕೊಂಡು ಹೇಳು. ಮೊದ್ಲೇ ಹೇಳಿದ್ರೆ ನೀನು ಅವನನ್ನ ಮದುವೆ ಆಗ್ತಿದ್ಯಾ?"

ಎದುರಿನಿಂದ ಮೂರು ಡಬ್ಬಿಗಳ ಉದ್ದದ ಲಾರಿಯೊಂದು ಬಂದು ಗಾಳಿಯನ್ನೆಲ್ಲ ತಳ್ಳಿಕೊಂಡು ಹೋಯಿತು; ಕಾರು ಒಮ್ಮೆ ತೂಗಾಡಿತು. ದಿಂಕೊ ಕಿಟಕಿಯ ಕಡೆ ಮುಖ ಮಾಡಿದ. ಇಲ್ಲ ಎನ್ನಲಿ ಎಂದು ಅವನ ಇಡೀ ಮೈ ಬೇಡಿಕೊಳ್ಳುತ್ತಿತ್ತು. ಇಲ್ಲ ಎಂದರೆ ಅವನು ಉಳಿದಂತೆ. ಇಲ್ಲ ಎಂದರೆ ಬಸ್ ನಿಲ್ದಾಣದ ಆ ಕೋಳಿಯ ದಿನದಿಂದಲೇ ಶುರುವಾದ ಮೌನಕ್ಕೊಂದು ಕಾರಣವಿತ್ತು, ಎಸೆದ ಚೀಟಿಗೊಂದು ಕಾರಣವಿತ್ತು. ಸುಳ್ಳು ಹೇಳಿಯಾದರೂ ಅವಳನ್ನು ಪಡೆದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಕೆರಿನ್ ಅವಸರ ಮಾಡಲಿಲ್ಲ. ನಿಜವಾಗಿಯೂ ಯೋಚಿಸಿದಳು. ಅವಳು ಹುಬ್ಬು ಗಂಟಿಕ್ಕಿ, ಹನ್ನೊಂದು ವರ್ಷ ಹಿಂದಿನ ತನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿರುವುದು ಗಾಜಿನಲ್ಲಿ ಕಾಣಿಸುತ್ತಿತ್ತು.

"ಆಗ್ತಿದ್ದೆ ಅಮ್ಮ" ಎಂದಳು.

ಆಚೆ ನಲ್ಲಿ ಮತ್ತೆ ಸುರಿಯತೊಡಗಿತು. ಯಾದ್ರಂಕ, "ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಕೇಳಿದಳು.

"ನಾಲ್ಕಕ್ಕೆ. ಅವನನ್ನ ನಿಮ್ಮನೇಲಿ ಇಳಿಸಿ ಹೋಗ್ತೀನಿ. ಅವನ ಬಟ್ಟೆ ನಾಳೆ ಕಳಿಸ್ತೀನಿ."

ಫೋನು ಕಟ್ಟಾಯಿತು.  ಎಷ್ಟು ದಿನಕ್ಕೆ ಎಂದು ದಿಂಕೊ ಕೇಳಬಹುದಿತ್ತು. ಕೇಳಿದರೆ ಉತ್ತರ ಬರುತ್ತಿತ್ತು. ಮುಂದೆ ರಸ್ತೆ ಅಗೆದಿದ್ದರು. ಕಿತ್ತಳೆ ಬಣ್ಣದ ಶಂಕುಗಳು, ನಲವತ್ತು ಎಂದು ಬರೆದ ಫಲಕ, ಜಲ್ಲಿ. ಕೆರಿನ್ ವೇಗ ತಗ್ಗಿಸಿದಳು. ನಲವತ್ತಕ್ಕಿಂತಲೂ ಕಡಿಮೆ ಮಾಡಿ, ಜಲ್ಲಿಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತ, ಕಾರನ್ನು ತುಂಬಿದ ಪಾತ್ರೆಯ ಹಾಗೆ ಸಾಗಿಸಿದಳು. ಅವನ ಹೊಲಿಗೆಗಳು ಸುಮ್ಮನಾದವು. ನಿಧಾನಿಸಿದ್ದು ಫಲಕಕ್ಕೋ, ಜಲ್ಲಿಗೋ, ತನಗೋ ಎಂದು ಅವನು ಅವಳ ಕೈಗಳನ್ನೇ ನೋಡಿದ.  ಶಂಕುಗಳು ಮುಗಿದವು. ನೂರಹತ್ತರ ಫಲಕ ಬಂದು ಹಿಂದಕ್ಕೆ ಸರಿಯಿತು. ಕಾರು ಹಾಗೇ ನಿಧಾನವಾಗಿಯೇ ಹೋಗುತ್ತಿತ್ತು. ಅವನು ಮೀಟರಿನ ಮುಳ್ಳನ್ನು ನೋಡುತ್ತ ಕುಳಿತ. ಮೂವತ್ತೈದು. ಮೂವತ್ತೈದು. ನಲವತ್ತು. ಹಿಂದಿನಿಂದ ಯಾರೋ ಹಾರನ್ ಹೊಡೆದರು. ಕೆರಿನ್ ಕನ್ನಡಿ ನೋಡಿದಳು, ಎಲ್ಲಿದ್ದೇನೆಂದು ಆಗಷ್ಟೇ ತಿಳಿದವಳ ಹಾಗೆ ಒಮ್ಮೆ ಕಣ್ಣು ಮಿಟುಕಿಸಿದಳು, ಮುಳ್ಳು ಏರತೊಡಗಿತು.